ಗಗನದ ಗಾದಿ, ಎರೆಯ ನೆಲ

ಗಾದಿಗೆ ಮುಂದೆ ಯಾರು ಎಂಬ ಪ್ರಶ್ನೆಯ ಬೆಲೆಯನ್ನು ನರಗುಂದದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಸಂಸ್ಥಾನಿಕ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕ ತೆಗೆದುಕೊಳ್ಳಲು ಅಪ್ಪಣೆ ಕೇಳಿದ. ಕಂಪನಿ ಸರಕಾರ ಕೊಡಲಿಲ್ಲ. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನ ಕೊಲೆಯಾಯಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಗಾದಿಯೊಡನೆ ಸಂಸ್ಥಾನವೂ ಹೋಯಿತು.

2025ರ ಜನವರಿಯಲ್ಲಿ, ಸಂಕ್ರಾಂತಿಯ ಸುಮಾರಿಗೆ, ನಮ್ಮ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷಪದವು ಸೋಮನಾಥರಿಂದ ವಿ. ನಾರಾಯಣನ್ ಅವರಿಗೆ ಬಂದಾಗ ಯಾರ ಮನಸ್ಸಿನಲ್ಲಿಯೂ ಆತಂಕವಿರಲಿಲ್ಲ. ಪತ್ರಿಕೆಗಳು ಹೊಸಬರ ಊರು, ಓದು, ಅನುಭವ ಬರೆದು ಸುಮ್ಮನಾದವು. ಇಷ್ಟು ಸಲೀಸಾಗಿ ಅಧಿಕಾರ ಕೈಬದಲಾಗುವುದು ತಾನಾಗಿ ಬಂದ ಭಾಗ್ಯವಲ್ಲ. ಮೊದಲ ಸಲ ಈ ಪ್ರಶ್ನೆ ಎದ್ದಾಗ ಸಂಸ್ಥೆಗೆ ತುಂಬಿದ್ದುದು ಎರಡು ವರ್ಷ, ನಾಲ್ಕು ತಿಂಗಳು ಮಾತ್ರ.

1971ರ ಡಿಸೆಂಬರ್ 30ರ ರಾತ್ರಿ ವಿಕ್ರಮ ಸಾರಾಭಾಯಿಯವರು ಕೋವಳಂನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ವಯಸ್ಸು 52. ಪರಮಾಣು ಶಕ್ತಿ ಆಯೋಗವೂ ಅವರದೇ, ಬಾಹ್ಯಾಕಾಶದ ಕೆಲಸವೂ ಅವರದೇ. ಮನೆಯ ಹಿರಿಯನೊಬ್ಬನ ಸೊಂಟದಲ್ಲಿ ಎಲ್ಲ ಕೀಲಿಕೈಗಳೂ ಇದ್ದಂತೆ. ತಾತ್ಕಾಲಿಕವಾಗಿ ಎಂ.ಜಿ.ಕೆ. ಮೆನನ್ ಭಾರ ಹೊತ್ತರು. ಇಂದಿರಾ ಗಾಂಧಿಯವರ ಕರೆ ಹೋದದ್ದು ಕ್ಯಾಲಿಫೋರ್ನಿಯಕ್ಕೆ. ಅಲ್ಲಿ ರಜೆಯ ಮೇಲೆ ಪಾಠ ಹೇಳುತ್ತಿದ್ದ ಸತೀಶ ಧವನ್ ಅವರಿಗೆ.

ಧವನ್ ಎರಡು ಷರತ್ತು ಹಾಕಿದರು. ತಾವು 1962ರಿಂದ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಬಿಡುವುದಿಲ್ಲ. ಬಾಹ್ಯಾಕಾಶದ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲಿಯೇ ಇರಬೇಕು. ಕುರ್ಚಿ ಕರೆದಲ್ಲಿಗೆ ಓಡುವ ಜನರನ್ನೇ ಕಂಡ ನಮಗೆ, ಕುರ್ಚಿಯನ್ನೇ ತನ್ನೂರಿಗೆ ಕರೆಸಿಕೊಂಡ ಈ ಮನುಷ್ಯ ಸೋಜಿಗವಾಗಿ ಕಾಣುತ್ತಾನೆ. ಪ್ರಧಾನಿ ಒಪ್ಪಿದರು. 1972ರಲ್ಲಿ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆಗಳು ಬೇರೆಯಾಗಿ ನಿಂತವು. ಸಂಸ್ಥೆಯು ಪರಮಾಣು ಇಲಾಖೆಯ ಆಶ್ರಯದಿಂದ ಹೊರಬಂದಿತು. ಕೀಲಿಕೈಗಳ ಗೊಂಚಲನ್ನು ಬಿಡಿಸಿ, ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಹೊಣೆಗಾರನನ್ನು ಗೊತ್ತುಮಾಡಿದ್ದೇ ಧವನ್ ಅವರ ದೊಡ್ಡ ಕೆಲಸವೆಂದು ನನ್ನೆಣಿಕೆ. ಉಪಗ್ರಹದ ಹೊಣೆ ಉಡುಪಿಯ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಪಾಲಿಗೆ ಬಂತು. ಪೀಣ್ಯದ ಷೆಡ್ಡುಗಳಲ್ಲಿ ತಯಾರಾದ 360 ಕಿಲೋ ತೂಕದ ‘ಆರ್ಯಭಟ’ ರಷ್ಯದ ನೆಲದಿಂದ 1975ರ ಏಪ್ರಿಲ್ 19ರಂದು ಮೇಲೇರಿತು.

ಅದೇ ವರ್ಷದ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದರು. ಇದು ಸಾರಾಭಾಯಿಯವರ ಕನಸು. ಬೇಸಾಯದ ಮಾತು, ಆರೋಗ್ಯದ ಮಾತು ಪಟ್ಟಣಕ್ಕಿಂತ ಮೊದಲು ಹಳ್ಳಿಗೆ ಮುಟ್ಟಲಿ ಎಂಬುದು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದವು. ಮಲಪ್ರಭೆಯ ಈಚೆಗಿದ್ದ ರೋಣ, ನರಗುಂದ, ಗಜೇಂದ್ರಗಡಗಳು ಆಗ ಧಾರವಾಡ ಜಿಲ್ಲೆಯವು. ಅವಕ್ಕೆ ಆ ಪಾಲು ಸಿಗಲಿಲ್ಲ. ಹೊಳೆಯಾಚೆಗೆ ಆಕಾಶದ ಮಾತು, ಈಚೆಗೆ ಕಾಲುವೆಯ ಮಾತು.

ಕಾಲುವೆಯ ಮಾತು ಮುಂದೆ ಕಹಿಯಾಯಿತು. ನವಿಲುತೀರ್ಥದ ಅಣೆಕಟ್ಟಿನ ನೀರು ಎರೆ ಹೊಲಕ್ಕೆ ಬಂದರೆ ಬಂಗಾರ ಬೆಳೆದೀತೆಂದು ರೈತ ನಂಬಿದ್ದ. ಕಾಲುವೆಯ ತುದಿಗೆ ನೀರು ಮುಟ್ಟಲಿಲ್ಲ. ಮುಟ್ಟಿದ ಕಡೆ ಹಲವು ಹೊಲ ಸವುಳು ಜವುಳಾದವು. ಹತ್ತಿಯ ಧಾರಣೆ ಬಿತ್ತು. ಇದರ ಮೇಲೆ ಸರಕಾರ ಅಭಿವೃದ್ಧಿ ಕರದ ಬಾಕಿ ಕೇಳಿತು.

ಇಲ್ಲಿ ಎರಡು ತಾರೀಖುಗಳನ್ನು ವಾಚಕರು ಒಟ್ಟಿಗೆ ಓದಬೇಕೆಂದು ನನ್ನ ಬಿನ್ನಹ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ನಮ್ಮ ರಾಕೆಟ್ಟು ಕೆಲವೇ ನಿಮಿಷಗಳಲ್ಲಿ ಕಡಲಿಗೆ ಬಿದ್ದಿತ್ತು. ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು ಹಿಂದಿರಿಸಿ, ಪತ್ರಕರ್ತರ ಮುಂದೆ ಧವನ್ ತಾವೇ ನಿಂತರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು 35 ಕಿಲೋದ ‘ರೋಹಿಣಿ’ಯನ್ನು ಕಕ್ಷೆಗೆ ಸೇರಿಸಿತು. ಆಗ ಕಲಾಂ ಅವರನ್ನು ಮುಂದೆ ಬಿಟ್ಟು ಧವನ್ ಹಿಂದೆ ಸರಿದರು. ದೇಶವೆಲ್ಲ ಹಿಗ್ಗಿತು. ಮೂರೇ ದಿನಗಳ ಮೇಲೆ, ಜುಲೈ 21ರಂದು, ನರಗುಂದದಲ್ಲಿ ಗೋಲಿಬಾರಾಯಿತು. ರೈತರ ಪ್ರಾಣ ಹೋಯಿತು, ಪೊಲೀಸರ ಪ್ರಾಣವೂ ಹೋಯಿತು. ಆ ದಿನವನ್ನು ನರಗುಂದವು ಹುತಾತ್ಮ ದಿನವೆಂದು ಆಚರಿಸುತ್ತ ಬಂದಿದೆ.

ಈ ಎರಡಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಿಯಾರು. ರಾಕೆಟ್ಟು ಹಾರಿಸಿದವರು ಗೋಲಿಬಾರಿಗೆ ಹೊಣೆಯಲ್ಲ, ನಿಜ. ಆದರೆ ಬಡವರ ದೇಶಕ್ಕೆ ಆಕಾಶದ ಉಸಾಬರಿ ಏಕೆಂದು ಕೇಳಿದವರಿಗೆ, ಬಡವರ ನೆಲಕ್ಕಾಗಿಯೇ ಎಂದು ಉತ್ತರಿಸಿಯೇ ಸಾರಾಭಾಯಿ ಈ ಸಂಸ್ಥೆ ಕಟ್ಟಿದ್ದರು. ಆ ಉತ್ತರದ ಲೆಕ್ಕವನ್ನು ಎರೆಯ ಹೊಲದಲ್ಲಿ ನಿಂತು ಕೇಳುವುದು ತಪ್ಪಲ್ಲ.

1984ರಲ್ಲಿ ಧವನ್ ಗಾದಿಯನ್ನು ರಾವ್ ಅವರಿಗೆ ಬಿಟ್ಟುಕೊಟ್ಟರು. ಈ ಸಲ ಗದ್ದಲವಿಲ್ಲ, ವಿದೇಶಕ್ಕೆ ಕರೆಯಿಲ್ಲ. ಹನ್ನೆರಡು ವರ್ಷ ಜತೆಯಲ್ಲಿ ದುಡಿದವರೇ ಮುಂದೆ ಬಂದರು. ರಾವ್ ಅವರು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಓದಿದವರು. ಮಳೆಯಿಲ್ಲದ ಸೀಮೆಯ ಮುಖ ಅವರಿಗೆ ಗೊತ್ತಿತ್ತು. ಆರಂಭದ ದಿನಗಳು ಸುಖದವಲ್ಲ. 1987ರಲ್ಲಿ ಒಮ್ಮೆ, 1988ರಲ್ಲಿ ಮತ್ತೊಮ್ಮೆ ಹೊಸ ರಾಕೆಟ್ಟು ಕೈಕೊಟ್ಟಿತು. ಅವೆರಡರ ನಡುವೆ, 1988ರ ಮಾರ್ಚ್ 17ರಂದು, ನೆಲವನ್ನು ನೋಡುವುದಕ್ಕೆಂದೇ ಕಟ್ಟಿದ ನಮ್ಮ ದೂರಸಂವೇದಿ ಉಪಗ್ರಹವು ಬೈಕನೂರಿನಿಂದ ಮೇಲೇರಿತು. ಪೈರಿನ ಹಸಿರು, ಬರದ ಹರವು, ಸವುಳು ಏರಿದ ನೆಲ, ಇವನ್ನು ಗುರುತಿಸುವುದು ಅದರ ಕಸುಬು. 1994ರವರೆಗೆ ಅಧಿಕಾರದಲ್ಲಿದ್ದ ರಾವ್ ಈ ಕಸುಬನ್ನು ಬೆಳೆಸಿದರು. ಅವರಿಂದ ಪದವಿ ಪಡೆದ ಕಸ್ತೂರಿರಂಗನ್ ಅವರೂ ಇದರಲ್ಲಿ ಪಳಗಿದವರೇ.

ಸುಮಾರು 900 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ಆ ಉಪಗ್ರಹ 22 ದಿನಕ್ಕೊಮ್ಮೆ ಅದೇ ಹೊಲದ ಮೇಲೆ ಬರುತ್ತಿತ್ತು. ಅದರ ಚುರುಕಾದ ಕಣ್ಣಿಗೆ ಕಾಣುತ್ತಿದ್ದ ಅತಿ ಸಣ್ಣ ಚೌಕದ ಅಗಲ 36 ಮೀಟರಿಗೆ ತುಸು ಹೆಚ್ಚು. ನಮ್ಮ ಲೆಕ್ಕದಲ್ಲಿ ಹದಿಮೂರು ಗುಂಟೆ. ನರಗುಂದದ ಒಂದೆಕರೆ ಎರೆಹೊಲ ಅದಕ್ಕೆ ಮೂರು ಚುಕ್ಕೆ. ಆ ಮೂರು ಚುಕ್ಕೆಗಳಲ್ಲಿ ಬೆಳೆ ಇದೆಯೋ, ಜವುಳು ಇದೆಯೋ ಅದು ಹೇಳಬಲ್ಲದಾಗಿತ್ತು. ಆ ಹೊಲದ ಮೇಲೆ ಬಾಕಿ ಎಷ್ಟೆಂಬುದು ಮಾತ್ರ ಕಚೇರಿಯ ದಫ್ತರದಲ್ಲಿಯೇ ಇತ್ತು.