ಎಳೆಯರ ಮಧುಮೇಹ: ಅಳತೆ ಕೈಗೆ ಬಂದ ಚರಿತ್ರೆ

ಮಧುಮೇಹವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಮದುವೆಯ ಪಂಕ್ತಿಯಲ್ಲಿ ಹೋಳಿಗೆಯನ್ನು ಕಂಡು ನಿಟ್ಟುಸಿರುಬಿಡುವ ಮಧ್ಯವಯಸ್ಸಿನ ಗೃಹಸ್ಥರು. ಹತ್ತು ಹನ್ನೆರಡು ವರ್ಷದ ಮಗುವಿಗೆ ಈ ರೋಗವೆಂದರೆ ಅನೇಕರು ಇಂದಿಗೂ ನಂಬುವುದಿಲ್ಲ. ಸುಶ್ರುತಸಂಹಿತೆಯಲ್ಲಿ ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿದೆ. ಮೊದಲನೆಯವನು ಕೃಶ, ಸದಾ ಬಾಯಾರಿದವನು. ಎರಡನೆಯವನು ಸ್ಥೂಲ, ಬಹುಭೋಜಿ. ಇಂದಿನ ವೈದ್ಯರ ವಿಂಗಡಣೆಯೆಲ್ಲ ಅಲ್ಲಿಯೇ ಇದೆಯೆಂದು ಬೀಗುವುದು ಅತಿಯಾದೀತು. ಆದರೆ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಬಾರದೆಂಬ ವಿವೇಕ ಅಲ್ಲಿ ಉಂಟು.

ಎಳೆಯರಿಗೆ ಸಾಮಾನ್ಯವಾಗಿ ಬರುವ ಬಗೆಯಲ್ಲಿ, ಮೇದೋಜೀರಕ ಗ್ರಂಥಿಯೊಳಗೆ ಇನ್ಸುಲಿನ್ ಎಂಬ ರಸವನ್ನು ಒದಗಿಸುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ಶತ್ರುವೆಂದು ಭ್ರಮಿಸಿ ಕೊಂದುಬಿಡುತ್ತದೆ. ಮಗು ಸಕ್ಕರೆ ತಿಂದದ್ದು ಇದಕ್ಕೆ ಕಾರಣವಲ್ಲ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಅದು ದೇಹಕ್ಕೆ ದಕ್ಕದು. ತುಂಬಿದ ಕಣಜದ ಮುಂದೆ, ಬೀಗದ ಕೈ ಇಲ್ಲದೆ ಹಸಿದು ಕುಳಿತಂತೆ.

1922ಕ್ಕೆ ಮುಂಚೆ ಇದಕ್ಕೆ ಮದ್ದಿರಲಿಲ್ಲ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯನು ಕಂಡುಕೊಂಡ ದಾರಿ ಉಪವಾಸ. ರೋಗಿಗೆ ದಿನಕ್ಕೆ ನಾನೂರು, ಐನೂರು ಕ್ಯಾಲೊರಿಯಷ್ಟೇ ಆಹಾರ. ತರಕಾರಿಯನ್ನು ಮೂರು ಸಲ ಬೇಯಿಸಿ, ನೀರು ಬಸಿದು, ಸಾರವೆಲ್ಲ ಹೋದ ಮೇಲೆ ಬಡಿಸುವುದು. ಅವನ ಬಳಿ ಇದ್ದ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮಧುಮೇಹದಿಂದ ಕಣ್ಣು ಹೋಗಿತ್ತು. ಇಷ್ಟು ಪಥ್ಯದಲ್ಲಿಯೂ ಅವನ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತಿತ್ತು. ವಿಚಾರಿಸಿದಾಗ ತಿಳಿಯಿತು: ಆ ಕುರುಡು ಬಾಲಕ ತನ್ನ ಕೋಣೆಯ ಪಂಜರದ ಹಕ್ಕಿಯ ಕಾಳನ್ನೂ ಹಲ್ಲುಜ್ಜುವ ಪೇಸ್ಟನ್ನೂ ತಿನ್ನುತ್ತಿದ್ದ. ವಾಚಕರೇ, ಆಲೆನ್ನನನ್ನು ಕ್ರೂರಿಯೆನ್ನಬೇಡಿ. ಆ ಕಾಲದಲ್ಲಿ ಮಕ್ಕಳ ಆಯುಷ್ಯವನ್ನು ಕೆಲವು ತಿಂಗಳೋ ವರ್ಷವೋ ಮುಂದೂಡಿದ ಉಪಾಯ ಅದೊಂದೇ.

ಆ ಪಥ್ಯದಲ್ಲಿ ಬದುಕುಳಿದವರಲ್ಲಿ ಎಲಿಜಬೆತ್ ಹ್ಯೂಸ್ ಒಬ್ಬಳು. ತಂದೆ ಚಾರ್ಲ್ಸ್ ಎವನ್ಸ್ ಹ್ಯೂಸ್ 1921ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದವರು. 1919ರಲ್ಲಿ, ಹನ್ನೊಂದರ ಹರೆಯದಲ್ಲಿ, ಅವಳಿಗೆ ರೋಗ ಗೊತ್ತಾಯಿತು. ಆಗ ತೂಕ 75 ಪೌಂಡು. ಮೂರು ವರ್ಷ ಒಂದೊಂದು ತುತ್ತನ್ನೂ ತೂಗಿ ತಿಂದು, 1922ರ ಆಗಸ್ಟಿನಲ್ಲಿ ಕೆನಡಾದ ಟೊರಾಂಟೊ ನಗರಕ್ಕೆ ಬಂದಾಗ ಉಳಿದದ್ದು 45 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು ಇಪ್ಪತ್ತು ಕಿಲೋ. ವಯಸ್ಸು ಹದಿನೈದಕ್ಕೆ ಮೂರು ದಿನ ಕಡಿಮೆ.

ಟೊರಾಂಟೊದಲ್ಲಿ ಹಿಂದಿನ ಬೇಸಗೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಮೆಕ್ಲಾಯ್ಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ನನ್ನು ಹುಡುಕಿ ತೆಗೆದಿದ್ದರು. 1922ರ ಜನವರಿ 11ರಂದು ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ ಅದನ್ನು ಚುಚ್ಚಿದಾಗ ಮದ್ದು ಶುದ್ಧವಾಗಿರದೆ ಸೂಜಿಯ ಜಾಗ ಬಾತು ಕೀವುಗಟ್ಟಿತು. ಕಾಲಿಪ್ ಎಂಬ ರಸಾಯನಜ್ಞ ಶೋಧಿಸಿಕೊಟ್ಟ ಮದ್ದನ್ನು 23ರಿಂದ ಕೊಡತೊಡಗಿದ ಮೇಲೆ ಅವನು ಚೇತರಿಸಿಕೊಂಡ. ಈ ಕಥೆಯನ್ನು ನೀವು ಕೇಳಿರಬಹುದು, ಹೆಚ್ಚು ಬೆಳೆಸುವುದಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಎಲಿಜಬೆತ್ತಳ ಮುಂದಿನ ನಡೆಯನ್ನು. ಅವಳು ಸಿರಿಂಜನ್ನು ದಾದಿಯ ಕೈಗೆ ಬಿಡದೆ ತಾನೇ ಚುಚ್ಚಿಕೊಳ್ಳಲು ಕಲಿತಳು. ಆಹಾರವನ್ನು ತೂಗುವ ಅಭ್ಯಾಸವಂತೂ ಮೊದಲೇ ಕೈಗೂಡಿತ್ತು. ಅವಳು ಪದವಿ ಪಡೆದು, ಮದುವೆಯಾಗಿ, ಮೂರು ಮಕ್ಕಳ ತಾಯಾಗಿ, 1981ರವರೆಗೆ ಬದುಕಿದಳು. ಜೀವಮಾನದಲ್ಲಿ ತೆಗೆದುಕೊಂಡ ಚುಚ್ಚುಮದ್ದು ಸುಮಾರು ನಲವತ್ತೆರಡು ಸಾವಿರವೆಂದು ಅವಳ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ತನಗೆ ಈ ರೋಗವಿದೆಯೆಂಬುದನ್ನು ಮಾತ್ರ ಬಹುಮಟ್ಟಿಗೆ ಗುಟ್ಟಾಗಿಯೇ ಇಟ್ಟಳು. ಹದಿಹರೆಯದವರಿಗೆ ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದರಲ್ಲಿ ಸೋಜಿಗವೇನೂ ಕಾಣುವುದಿಲ್ಲ. ಆ ವಯಸ್ಸಿನಲ್ಲಿ ಸೂಜಿಯ ನೋವಿಗಿಂತ ಗೆಳೆಯರ ನೋಟವೇ ಹೆಚ್ಚು ಚುಚ್ಚುತ್ತದೆ.

ಮದ್ದು ಸಿಕ್ಕಿತು, ಆದರೆ ಎಷ್ಟು ಕೊಡಬೇಕು? ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ ಇಳಿದು ಮೈ ಬೆವತು, ನಡುಗಿ, ಪ್ರಜ್ಞೆ ತಪ್ಪುತ್ತದೆ. ಅಳೆಯುವ ಸಾಧನವೆಂದರೆ ಬಹುಕಾಲ ಬೆನೆಡಿಕ್ಟ್ ದ್ರಾವಣವೊಂದೇ. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಿದರೆ, ಸಕ್ಕರೆ ಹೆಚ್ಚಿದಂತೆಲ್ಲ ಬಣ್ಣ ಹಸಿರು, ಹಳದಿ, ಕೊನೆಗೆ ಇಟ್ಟಿಗೆಗೆಂಪು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಎಂಬ ವೈದ್ಯರು ಇದನ್ನೂ ಪಥ್ಯವನ್ನೂ ರೋಗಿಗಳಿಗೇ ಪಾಠದಂತೆ ಕಲಿಸಿದರು. 1918ರಲ್ಲಿಯೇ ಅವರಿಗಾಗಿ ಕೈಪಿಡಿ ಬರೆದಿದ್ದರು. ಉಪಾಧ್ಯಾಯನಾದ ನನಗೆ ಈ ಮಹಾನುಭಾವರಲ್ಲಿ ಸ್ವಲ್ಪ ಪಕ್ಷಪಾತ ಉಂಟು. ಆದರೆ ಮೂತ್ರ ಹೇಳುವುದು ಕೆಲವು ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ ಅಪಾಯಕ್ಕೆ ಇಳಿದಿದ್ದರೂ ಪ್ರನಾಳದಲ್ಲಿ ಕಾಣುವುದು ಅದೇ ನೀಲಿ.

ರಕ್ತದ ಒಂದು ಹನಿಯಿಂದ ಸಕ್ಕರೆಯನ್ನು ಅಳೆಯುವ ಯಂತ್ರ 1970ರ ಸುಮಾರಿಗೆ ಬಂದಾಗ ಅದನ್ನು ಮಾರುತ್ತಿದ್ದುದು ವೈದ್ಯರಿಗೆ, ಆಸ್ಪತ್ರೆಗಳಿಗೆ. ಹನ್ನೆರಡರ ಹರೆಯದಿಂದ ಈ ರೋಗವಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಇಂಜಿನಿಯರ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದನ್ನು ತರಿಸಿಕೊಂಡು ದಿನಕ್ಕೆ ಹಲವು ಸಲ ಅಳೆದು ನೋಡಿದ. ಊಟಕ್ಕೂ ಮದ್ದಿಗೂ ಸಕ್ಕರೆಗೂ ಇರುವ ಸಂಬಂಧ ಸ್ಪಷ್ಟವಾಯಿತು. ಅವನ ಬರಹವನ್ನು ವೈದ್ಯಪತ್ರಿಕೆಗಳು ಒಪ್ಪಲಿಲ್ಲ. ಛಲಗಾರನಾದ ಆತ ನಲವತ್ತು ದಾಟಿದ ಮೇಲೆ ವೈದ್ಯಕೀಯ ಓದಿ 1983ರಲ್ಲಿ ತಾನೇ ವೈದ್ಯನಾದ!

ಅದೇ ವರ್ಷ ಅಮೆರಿಕ, ಕೆನಡಾಗಳಲ್ಲಿ ದೊಡ್ಡದೊಂದು ಪರೀಕ್ಷೆ ಮೊದಲಾಯಿತು. 13ರಿಂದ 39 ವಯಸ್ಸಿನ 1,441 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ವಾಡಿಕೆಯಂತೆ ದಿನಕ್ಕೆ ಒಂದೆರಡು ಚುಚ್ಚು. ಇನ್ನೊಂದಕ್ಕೆ ಮೂರೋ ಹೆಚ್ಚೋ ಚುಚ್ಚು, ಇಲ್ಲವೆ ಮೈಗೆ ತಗಲಿಸಿದ ಪಂಪು, ನಾಲ್ಕಾದರೂ ಬಾರಿ ಅಳತೆ, ಅಳತೆಗೆ ತಕ್ಕಂತೆ ಮದ್ದು. 1993ರಲ್ಲಿ ಫಲ ಪ್ರಕಟವಾಯಿತು: ಹೊಸದಾಗಿ ಕಣ್ಣಿನ ಬೇನೆ ತಗಲುವುದು ಎರಡನೆಯ ಗುಂಪಿನಲ್ಲಿ 76 ಪಾಲು ಕಡಿಮೆ; ನರದ, ಮೂತ್ರಪಿಂಡದ ತೊಂದರೆಯೂ ಬಹಳ ತಗ್ಗಿತ್ತು. ಬೆಲೆ ತೆರದೆ ಬಂದದ್ದಲ್ಲ; ಸಕ್ಕರೆ ಅತಿಯಾಗಿ ಇಳಿದು ಬೇರೆಯವರ ಸಹಾಯ ಬೇಕಾಗುವ ಪ್ರಸಂಗಗಳು ಸುಮಾರು ಮೂರುಪಟ್ಟಾದುವು.

ಹದಿಹರೆಯದವರು ಈ ಪರೀಕ್ಷೆಯಲ್ಲಿ ದೊಡ್ಡವರಷ್ಟು ಹಿಡಿತ ಸಾಧಿಸಲಿಲ್ಲ. ಇದನ್ನು ಕೇಳಿ ‘ಅಶ್ರದ್ಧೆ’ ಎಂದುಬಿಡುವ ತಂದೆತಾಯಿಗಳಿಗೂ ನಮ್ಮಂಥ ಮೇಷ್ಟರುಗಳಿಗೂ ಒಂದು ಮಾತು: ಆ ವಯಸ್ಸಿನಲ್ಲಿ ದೇಹವನ್ನು ಬೆಳೆಸುವ ರಸಗಳೇ ಇನ್ಸುಲಿನ್ನಿಗೆ ಎದುರಾಗಿ ನಿಲ್ಲುತ್ತವೆ, ನಿನ್ನೆ ಸಾಕಾದ ಮದ್ದು ಇಂದು ಸಾಲದು. ಹಾಗಿದ್ದೂ ಅವರ ಕಣ್ಣುಗಳಿಗೆ ಆದ ಪ್ರಯೋಜನ ದೊಡ್ಡದೇ. ಪರೀಕ್ಷೆ ಮುಗಿದ ಮೇಲೆ ಎರಡು ಗುಂಪಿನವರ ಸಕ್ಕರೆಯೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂತು. ಆದರೂ ಹತ್ತು ವರ್ಷ ಕಳೆದ ಬಳಿಕ ನೋಡಿದಾಗ, ಮೊದಲು ಬಿಗಿಯಾಗಿ ಹಿಡಿದವರ ಕಣ್ಣು, ಮೂತ್ರಪಿಂಡಗಳೇ ಇನ್ನೊಂದು ಗುಂಪಿನವರದಕ್ಕಿಂತ ಚೆನ್ನಾಗಿದ್ದುವು. ಮೊದಲ ಆರೇಳು ವರ್ಷಗಳ ಜೋಪಾನವನ್ನು ದೇಹ ಅಷ್ಟು ಕಾಲ ನೆನಪಿಟ್ಟುಕೊಂಡಿತ್ತು.