ಗೋಗಿಯ ಖನಿಜ, ಕೈಗಾದ ಇಂಧನ: ಯುರೇನಿಯಂ ಹರಳುಗಳ ಅಧ್ಯಯನ ನಡೆದುಬಂದ ದಾರಿ

ವಿಜಯಪುರದವರಿಗೆ ಗೋಗಿ ಎಂದರೆ ಆದಿಲ್‌ಶಾಹಿಯ ಮೊದಲ ಸುಲ್ತಾನರ ಗೋರಿಗಳಿರುವ ಊರು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಈ ಊರಿಗೆ ಭೂವಿಜ್ಞಾನಿಗಳಲ್ಲಿ ಇನ್ನೊಂದು ಹೆಸರಿದೆ. ಭೀಮಾ ಜಲಾನಯನದ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್ ಒಂದು ಸ್ತರಭಂಗದ ಉದ್ದಕ್ಕೂ ಒಡೆದು ನುರಿದ ಜಾಗದಲ್ಲಿ ಯುರೇನಿಯಂ ಸಿಕ್ಕಿರುವುದು ಇಲ್ಲಿ. ಪರಮಾಣು ಖನಿಜ ನಿರ್ದೇಶನಾಲಯ ಅದನ್ನು ಪತ್ತೆ ಮಾಡಿದ್ದು 1990ರ ದಶಕದಲ್ಲಿ. ಅದಿರಿನ ಮುಖ್ಯ ಖನಿಜಗಳು ಎರಡು: ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್. ಮೊದಲನೆಯದು ಯುರೇನಿಯಂ ಡೈಆಕ್ಸೈಡಿನ ನೈಸರ್ಗಿಕ ರೂಪ, ಎರಡನೆಯದು ಯುರೇನಿಯಂ ಸಿಲಿಕೇಟ್.

ವಿಜಯಪುರದ ಅಡಿಯಲ್ಲಿರುವ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಬೆಂಕಿಯಿಂದ ಹುಟ್ಟಿದ್ದು. ಗೋಗಿಯ ಕಾಫಿನೈಟ್ ಅಂಥದಲ್ಲ. ಅದು ಬಿರುಕುಗಳಲ್ಲಿ ಹರಿದ ನೀರಿನಿಂದ ಹರಳುಗಟ್ಟುವ ಖನಿಜ. ಇಂಥ ಹರಳುಗಳಿಗೆ ಅತಿಯಾದ ಶಾಖ ಕೊಟ್ಟರೆ ಏನಾಗುತ್ತದೆ, ಅತಿಯಾದ ಒತ್ತಡ ಹೇರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ.

ಆರಂಭದ ಹೆಜ್ಜೆಗಳು

1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಪಿಚ್‌ಬ್ಲೆಂಡಿನಿಂದ ಹೊಸ ಧಾತುವನ್ನು ಗುರುತಿಸಿದ. ಆದರೆ ಅವನ ಕೈಗೆ ಬಂದದ್ದು ಲೋಹವಲ್ಲ, ಆಕ್ಸೈಡ್. ನಿಜವಾದ ಲೋಹವನ್ನು ಫ್ರಾನ್ಸಿನ ಪೆಲಿಗೋ ಬೇರ್ಪಡಿಸಿದ್ದು 1841ರಲ್ಲಿ. ಹರಳಿನೊಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ನೋಡುವ ದಾರಿ ತೆರೆದದ್ದು 1912ರಲ್ಲಿ ಲಾವೆ ಮತ್ತು ಸಂಗಡಿಗರು ಕಂಡ ಎಕ್ಸ್-ರೇ ವಿವರ್ತನೆಯಿಂದ. 1923ರಲ್ಲಿ ಗೋಲ್ಡ್‌ಶ್ಮಿಟ್ ಮತ್ತು ಥೊಮಾಸೆನ್ ಯುರೇನಿಯಂ ಡೈಆಕ್ಸೈಡಿನ ರಚನೆಯನ್ನು ತಿಳಿಸಿದರು. ಅದು ಫ್ಲೋರೈಟ್ ಮಾದರಿಯದು: ಪ್ರತಿ ಯುರೇನಿಯಂ ಸುತ್ತ ಘನದ ಮೂಲೆಗಳಲ್ಲಿ 8 ಆಮ್ಲಜನಕ, ಪ್ರತಿ ಆಮ್ಲಜನಕದ ಸುತ್ತ 4 ಯುರೇನಿಯಂ. ಈ 8 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಬೇಕು. ಮುಂದಿನ ಸಂಶೋಧನೆಯೆಲ್ಲ ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದರ ಸುತ್ತಲೇ ನಡೆದಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಕ್ಷೇತ್ರ ಒಮ್ಮೆಲೇ ಬೆಳೆಯಿತು. ಶಿಕಾಗೋದಲ್ಲಿ ನಾರ್ವೆ ಮೂಲದ ಜಕಾರಿಯಾಸೆನ್ ಯುರೇನಿಯಂ ಮತ್ತು ಅದರಾಚೆಯ ಧಾತುಗಳ ಹತ್ತಾರು ಸಂಯುಕ್ತಗಳ ರಚನೆಯನ್ನು ಬಿಡಿಸಿದರು. ಲೋಹದ ಸ್ವಭಾವವೂ ಸ್ಪಷ್ಟವಾಯಿತು. ಅದಕ್ಕೆ ಮೂರು ರೂಪಗಳಿವೆ: ಸುಮಾರು 668 ಡಿಗ್ರಿ ಸೆಲ್ಸಿಯಸ್‌ವರೆಗೆ ಆಲ್ಫಾ, ಸುಮಾರು 776 ಡಿಗ್ರಿವರೆಗೆ ಬೀಟಾ, ಅಲ್ಲಿಂದ ಕರಗುವ 1132 ಡಿಗ್ರಿವರೆಗೆ ಗಾಮಾ. ರೂಪ ಬದಲಾದಾಗಲೆಲ್ಲ ಗಾತ್ರವೂ ಬದಲಾಗುವುದರಿಂದ ವಿದ್ಯುತ್ ಸ್ಥಾವರಗಳು ಲೋಹವನ್ನು ಬಿಟ್ಟು ಡೈಆಕ್ಸೈಡನ್ನು ನೆಚ್ಚಿಕೊಂಡವು.

ಶಾಖದ ದಾರಿ

ಕೈಗಾ ಪರಮಾಣು ವಿದ್ಯುತ್ ಸ್ಥಾವರದ 220 ಮೆಗಾವ್ಯಾಟ್ ಘಟಕಗಳಲ್ಲಿ ಉರಿಯುವುದೂ ಇದೇ ಡೈಆಕ್ಸೈಡ್. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಅದರ ಪುಡಿಯನ್ನು ಒತ್ತಿ, ಸುಮಾರು 1700 ಡಿಗ್ರಿಯಲ್ಲಿ ಕಾಯಿಸಿ, ಗಟ್ಟಿ ಬಿಲ್ಲೆಗಳನ್ನಾಗಿ ಮಾಡುತ್ತಾರೆ. ಇದರ ಕರಗುವ ಬಿಂದು ಸುಮಾರು 2850 ಡಿಗ್ರಿ. ಅಷ್ಟು ಶಾಖದವರೆಗೂ ಯುರೇನಿಯಂ ಪರಮಾಣುಗಳ ಚೌಕಟ್ಟು ಕದಲುವುದಿಲ್ಲ. ಚಲಿಸುವುದು ಆಮ್ಲಜನಕ.

ಎಕ್ಸ್-ರೇಗೆ ಆಮ್ಲಜನಕ ಸರಿಯಾಗಿ ಕಾಣುವುದಿಲ್ಲ. 92 ಎಲೆಕ್ಟ್ರಾನುಗಳ ಯುರೇನಿಯಂ ಎದುರು 8 ಎಲೆಕ್ಟ್ರಾನುಗಳ ಆಮ್ಲಜನಕ ಮರೆಯಾಗಿಬಿಡುತ್ತದೆ. ನ್ಯೂಟ್ರಾನ್ ಕಿರಣಗಳಿಗೆ ಆ ತೊಡಕಿಲ್ಲ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ವಿಲ್ಲಿಸ್ ನ್ಯೂಟ್ರಾನ್‌ಗಳ ನೆರವಿನಿಂದ ಹೆಚ್ಚುವರಿ ಆಮ್ಲಜನಕ ಹರಳಿನೊಳಗೆ ಎಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿರುವುದನ್ನು ಹೇಗೆ ಪಕ್ಕಕ್ಕೆ ಸರಿಸುತ್ತದೆ ಎಂದು ತೋರಿಸಿದರು. ಈ ಸೇರ್ಪಡೆ ಮಿತಿ ಮೀರಿದರೆ ಡೈಆಕ್ಸೈಡ್ ಬೇರೊಂದು ಆಕ್ಸೈಡ್ ಆಗಿ ಗಾತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಬ್ಬಿ, ಬಿಲ್ಲೆ ಪುಡಿಯಾಗುತ್ತದೆ. ಇಂಧನ ಕೊಳವೆ ಸೀಳಿದಾಗ ಏನಾಗಬಹುದು ಎಂಬ ಸುರಕ್ಷತೆಯ ಲೆಕ್ಕಕ್ಕೆ ಇದೇ ತಳಹದಿ.

ಕರಗುವ ಹಂತಕ್ಕೆ ತುಸು ಮೊದಲು ಆಮ್ಲಜನಕಗಳು ತಮ್ಮ ಸ್ಥಾನ ಬಿಟ್ಟು ಅಲೆಯತೊಡಗುತ್ತವೆ. ಕರಗಿದ ಮೇಲಿನ ಸ್ಥಿತಿ ಬಹುಕಾಲ ಗೂಢವಾಗಿತ್ತು, ಏಕೆಂದರೆ ಆ ದ್ರವವನ್ನು ಹಿಡಿದಿಡುವ ಪಾತ್ರೆಯೇ ಇರಲಿಲ್ಲ. 2014ರಲ್ಲಿ ಅಮೆರಿಕದಲ್ಲಿ ಸ್ಕಿನ್ನರ್ ಮತ್ತು ಸಂಗಡಿಗರು ಅನಿಲದ ಮೇಲೆ ತೇಲಿಸಿದ ಹನಿಯನ್ನು ಲೇಸರಿನಿಂದ ಕರಗಿಸಿ ಎಕ್ಸ್-ರೇ ಹಾಯಿಸಿದರು. ಯುರೇನಿಯಂ ಸುತ್ತಲಿನ 8 ಆಮ್ಲಜನಕ ಸರಾಸರಿ 6.7ಕ್ಕೆ ಇಳಿದಿತ್ತು.

ಒತ್ತಡದ ದಾರಿ

ಒತ್ತಡ ಮಾಡುವುದು ಇದರ ತದ್ವಿರುದ್ಧ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡೈಮಂಡ್ ಆನ್ವಿಲ್ ಸೆಲ್‌ನಲ್ಲಿ ಎರಡು ವಜ್ರಗಳ ತುದಿಗಳ ನಡುವೆ ಚೂರು ಹರಳನ್ನು ಇಟ್ಟು ಅದುಮುತ್ತಾರೆ. ವಜ್ರ ಪಾರದರ್ಶಕವಾದ್ದರಿಂದ ಅದುಮುತ್ತಲೇ ಒಳಗಿನದನ್ನು ನೋಡಬಹುದು. 1970ರ ದಶಕದಿಂದ ಲೇಸರ್ ಹಾಯಿಸಿ ಕಾಯಿಸಲೂ ಸಾಧ್ಯವಾಯಿತು.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಎ. ಜಯರಾಮನ್ ಪ್ರಮುಖರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಪಳಗಿ, ಆಮೇಲೆ ಬೆಲ್ ಪ್ರಯೋಗಾಲಯಕ್ಕೆ ಹೋದವರು. ಯುರೇನಿಯಂ ಡೈಆಕ್ಸೈಡಿನದೇ ರಚನೆಯುಳ್ಳ ಥೋರಿಯಂ ಡೈಆಕ್ಸೈಡನ್ನು 40 ಗಿಗಾಪಾಸ್ಕಲ್‌ವರೆಗೆ ಅದುಮಿ, 30ರ ಆಸುಪಾಸಿನಲ್ಲಿ ಅದರ ರಚನೆ ಬದಲಾಗುವುದನ್ನು ರಾಮನ್ ರೋಹಿತದಿಂದ ಕಂಡವರಲ್ಲಿ ಅವರೊಬ್ಬರು. ಆ ಪ್ರಬಂಧ 1988ರಲ್ಲಿ ಅಚ್ಚಾದದ್ದು ಬೆಂಗಳೂರಿನ ‘ಪ್ರಮಾಣ’ ಪತ್ರಿಕೆಯಲ್ಲಿ. 2004ರಲ್ಲಿ ಇದಿರಿ ಮತ್ತು ಸಂಗಡಿಗರು ಯುರೇನಿಯಂ ಡೈಆಕ್ಸೈಡಿನಲ್ಲೂ ಇಂಥದೇ ಬದಲಾವಣೆ ಸುಮಾರು 42 ಗಿಗಾಪಾಸ್ಕಲ್‌ನಲ್ಲಿ, ಅಂದರೆ ವಾಯುಮಂಡಲದ ಒತ್ತಡದ ನಾಲ್ಕು ಲಕ್ಷ ಪಟ್ಟಿಗೂ ಮೀರಿದಲ್ಲಿ, ಶುರುವಾಗುವುದನ್ನು ತೋರಿಸಿದರು. ಹೊಸ ರಚನೆ ಕೋಟುನ್ನೈಟ್ ಮಾದರಿಯದು. ಅದರಲ್ಲಿ ಯುರೇನಿಯಂ ಸುತ್ತ 9 ಆಮ್ಲಜನಕ. ಶಾಖ ನೆರೆಯವರನ್ನು ಚದುರಿಸುತ್ತದೆ, ಒತ್ತಡ ಹತ್ತಿರ ತರುತ್ತದೆ: ಈ ಕ್ಷೇತ್ರದ ಸಾರ ಇಷ್ಟು.

ವಜ್ರಗಳ ನಡುವೆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಬೀಳುವುದಿಲ್ಲ. ಹಾಗಾಗಿ ಅಳತೆ ತಪ್ಪುವ ಅಪಾಯವಿದೆ. ಅದನ್ನು ಸರಿಯಾಗಿ ಲೆಕ್ಕ ಹಾಕುವ ಸಿದ್ಧಾಂತವನ್ನು 1990ರ ದಶಕದಲ್ಲಿ ಕೊಟ್ಟವರು ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯದ ಎ.ಕೆ. ಸಿಂಗ್. ಇಂದು ಜಗತ್ತಿನಾದ್ಯಂತ ಅಧಿಕ ಒತ್ತಡದ ಪ್ರಯೋಗಾಲಯಗಳು ಅದನ್ನು ಬಳಸುತ್ತವೆ. ಕಲ್ಪಾಕ್ಕಂನ ವಿಜ್ಞಾನಿಗಳು ಅಲ್ಯೂಮಿನಿಯಂ, ಗ್ಯಾಲಿಯಂ ಮುಂತಾದವುಗಳೊಡನೆ ಯುರೇನಿಯಂ ಕೂಡಿದ ಸಂಯುಕ್ತಗಳನ್ನು ಹೀಗೆಯೇ ಅದುಮಿ ನೋಡಿದ್ದಾರೆ. 2018ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಹೈಡ್ರೋಜನ್ ಹೇರಳವಾಗಿರುವ ಯುರೇನಿಯಂ ಹೈಡ್ರೈಡುಗಳನ್ನು ಮೊದಲು ಕಂಪ್ಯೂಟರಿನಲ್ಲಿ ಊಹಿಸಿ, ಬಳಿಕ ವಜ್ರಗಳ ನಡುವೆ ಸೃಷ್ಟಿಸಿತು.

ಮತ್ತೆ ಕಾಫಿನೈಟ್

2009ರಲ್ಲಿ ಕಾಫಿನೈಟನ್ನೂ ಅದುಮಿ ನೋಡಿದರು. ಜಿರ್ಕಾನ್ ಮಾದರಿಯ ಅದರ ರಚನೆ ಸುಮಾರು 15 ಗಿಗಾಪಾಸ್ಕಲ್‌ನಲ್ಲಿ ಇನ್ನೂ ಸಾಂದ್ರವಾದ ಶೀಲೈಟ್ ಮಾದರಿಗೆ ತಿರುಗಿತು. ಹೆಚ್ಚು ಬೆರಗಿನ ಸಂಗತಿ ಹೊರಬಿದ್ದದ್ದು 2015ರ ಶಾಖಮಾಪನದಿಂದ: ಶಕ್ತಿಯ ಲೆಕ್ಕದಲ್ಲಿ ಕಾಫಿನೈಟ್ ಸ್ಥಿರವೇ ಅಲ್ಲ, ಡೈಆಕ್ಸೈಡ್ ಮತ್ತು ಸಿಲಿಕಾ ಬೇರೆ ಬೇರೆ ಇರುವುದೇ ಅದಕ್ಕಿಂತ ಭದ್ರ. ಕಾಯಿಸಿದರೆ ಅದು ಹಾಗೆಯೇ ಒಡೆಯುತ್ತದೆ. ಆದರೂ ಭೂಮಿಯ ಒಡಲಲ್ಲಿ ಅದು ಯುಗಗಟ್ಟಲೆ ಉಳಿದಿದೆ.

ಬಳಸಿದ ಇಂಧನವನ್ನು ನೆಲದಾಳದಲ್ಲಿ ಹುದುಗಿಸಲು ಹೊರಟಿರುವ ದೇಶಗಳಿಗೆ ಇದು ಜೀವನ್ಮರಣದ ಪ್ರಶ್ನೆ. ಸಿಲಿಕಾ ಕರಗಿದ ಅಂತರ್ಜಲ ತಗುಲಿದರೆ ಡೈಆಕ್ಸೈಡ್ ಕಾಫಿನೈಟ್ ಆಗಬಹುದು. ಆಗ ಯುರೇನಿಯಂ ಅಲ್ಲೇ ನಿಲ್ಲುವುದೋ, ನೀರಿನೊಡನೆ ಹೊರಡುವುದೋ ಎಂಬುದರಲ್ಲಿ ಹರಳಿನ ರಚನೆಗೂ ಪಾತ್ರವಿದೆ. ಡೈಆಕ್ಸೈಡೂ ಕಾಫಿನೈಟೂ ಒಂದೇ ಸ್ತರಭಂಗದಲ್ಲಿ ಜೊತೆಯಾಗಿ ಸಿಗುವ ಗೋಗಿಯಂಥ ಜಾಗ ಈ ಪ್ರಶ್ನೆಗೆ ಪ್ರಕೃತಿಯೇ ನಡೆಸಿದ ಪ್ರಯೋಗ. ಎಕ್ಸ್-ರೇ ಕಿರಣ ಕೊಡುವ ಇಂದೋರಿನ ಇಂಡಸ್-2 ಯಂತ್ರ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ತೆರೆದಿದೆ. ಉತ್ತರ ಕರ್ನಾಟಕದ ಭೂವಿಜ್ಞಾನ ಮತ್ತು ಭೌತವಿಜ್ಞಾನ ವಿಭಾಗಗಳು ಕೈಜೋಡಿಸಿ ಗೋಗಿಯ ಕಲ್ಲನ್ನು ಅಲ್ಲಿಗೆ ಒಯ್ಯಬೇಕು. ಈ ಕ್ಷೇತ್ರದ ಮುಂದಿನ ಅಧ್ಯಾಯವನ್ನು ಬರೆಯಲು ಬೇಕಾದ ಖನಿಜ ನಮ್ಮ ನೆಲದಲ್ಲೇ ಇದೆ.