ಪರಾಗ-ಆಹಾರ ಅಲರ್ಜಿ: ಚರಿತ್ರೆ

ಹೂವಿನ ಪರಾಗ ಒಗ್ಗದವರಲ್ಲಿ ಹಸಿ ಹಣ್ಣು, ತರಕಾರಿ ಅಥವಾ ಬೀಜಗಳನ್ನು ತಿಂದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ, ಅಂಗುಳ ಮತ್ತು ಗಂಟಲುಗಳಲ್ಲಿ ನವೆ, ಚುರುಗುಟ್ಟುವಿಕೆ, ಒಮ್ಮೊಮ್ಮೆ ಬಾವು ಕಾಣಿಸಿಕೊಳ್ಳುವ ಸ್ಥಿತಿಗೆ ಪರಾಗ-ಆಹಾರ ಅಲರ್ಜಿ ಎಂದು ಹೆಸರು. ಹಸಿ ಸೇಬನ್ನು ಕಚ್ಚಿದೊಡನೆ ಅಂಗುಳ ಕೆರೆಯತೊಡಗುವವರಿಗೆ ಅದೇ ಸೇಬನ್ನು ಬೇಯಿಸಿ ಕೊಟ್ಟರೆ ಸಾಮಾನ್ಯವಾಗಿ ಏನೂ ಆಗದಿರುವುದು ಇದರ ಮುಖ್ಯ ಗುರುತು. ಈ ರೋಗದ ಚರಿತ್ರೆಯೆಲ್ಲ ಈ ಒಂದು ಗುರುತಿನ ಸುತ್ತಲೇ ಬೆಳೆದಿದೆ.

ಪರಾಗದಿಂದ ಮೂಗಿನ ಅಲರ್ಜಿ ಉಂಟಾಗುತ್ತದೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಕ್ಲಿ 1873ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರೂ, ಆಹಾರದೊಡನೆ ಅದಕ್ಕಿರುವ ನಂಟು ತಿಳಿದುಬಂದದ್ದು ಬಹಳ ತಡವಾಗಿ. 1942ರಲ್ಲಿ ಅಮೆರಿಕದ ಟಫ್ಟ್ ಮತ್ತು ಬ್ಲಮ್‌ಸ್ಟೀನ್ ಎಂಬ ವೈದ್ಯರು, ಹಣ್ಣು ಒಗ್ಗದವರ ಚರ್ಮ ತಾಜಾ ರಸಕ್ಕೆ ಕೆರಳುವುದಾದರೂ ಒಣಗಿಸಿ ತಯಾರಿಸಿದ ಸತ್ವಕ್ಕೆ ಕೆರಳುವುದಿಲ್ಲವೆಂದು ವರದಿ ಮಾಡಿದರು. 1948ರಲ್ಲಿ ಸ್ವೀಡನ್ನಿನ ಯೂಲಿನ್-ಡಾನ್‌ಫೆಲ್ಟ್ ಬರ್ಚ್ ಮರದ ಪರಾಗ ಒಗ್ಗದವರಿಗೆ ಹಣ್ಣು-ಬೀಜಗಳೂ ಒಗ್ಗದಿರುವುದನ್ನು ಗುರುತಿಸಿದರು. ರ್‍ಯಾಗ್‌ವೀಡ್ ಎಂಬುದು ಕನ್ನಡನಾಡಿನಲ್ಲಿ ಕಾಂಗ್ರೆಸ್ ಗಿಡವೆನಿಸಿದ ಪಾರ್ಥೇನಿಯಂನ ಕುಟುಂಬಕ್ಕೇ ಸೇರಿದ ಕಳೆ. ಅದರ ಪರಾಗಕ್ಕೂ ಕರಬೂಜ, ಬಾಳೆಹಣ್ಣುಗಳಿಗೂ ಇರುವ ಸಂಬಂಧ 1970ರಲ್ಲಿ ಅಮೆರಿಕದಿಂದ ವರದಿಯಾಯಿತು.

ಸಿದ್ಧ ಸತ್ವಗಳ ಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ ರೋಗಿಯ ಮಾತೇ ಸಂಶಯಕ್ಕೆ ಗುರಿಯಾಗುವ ಸಂಭವವಿತ್ತು. ಸ್ವೀಡನ್ನಿನ ಡ್ರೆಬೊರ್ಗ್ ಮತ್ತು ಫೂಕಾರ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರ್ಚ್ ಅಲರ್ಜಿಯ ಮಕ್ಕಳನ್ನು ಸೇಬು, ಕ್ಯಾರೆಟ್, ಆಲೂಗಡ್ಡೆಗಳಿಂದ ಪರೀಕ್ಷಿಸಿದ್ದರು. ಸೂಜಿಯನ್ನು ಮೊದಲು ತಾಜಾ ಹಣ್ಣಿಗೆ ಚುಚ್ಚಿ, ಅದೇ ತೇವದ ಮೊನೆಯಿಂದ ಕೂಡಲೇ ಮುಂಗೈಯ ಚರ್ಮವನ್ನು ಚುಚ್ಚುವ ಸರಳ ವಿಧಾನ ಆಮೇಲೆ ಎಲ್ಲೆಡೆ ಬಳಕೆಗೆ ಬಂದು, ರೋಗಿಗಳ ಅನುಭವಕ್ಕೆ ಸಾಕ್ಷ್ಯ ಒದಗಿಸಿತು.

ಕಾರಣ ಸ್ಪಷ್ಟವಾದದ್ದು 1989ರಲ್ಲಿ ಬ್ರೈಟೆನೆಡರ್ ಮತ್ತು ಸಂಗಡಿಗರು ಬರ್ಚ್ ಪರಾಗದಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನಾದ ಬೆಟ್ ವಿ 1ರ ವಂಶವಾಹಿಯನ್ನು ಬೇರ್ಪಡಿಸಿದ ಮೇಲೆ. ರೋಗಾಣುಗಳ ವಿರುದ್ಧ ಸಸ್ಯಗಳು ಬಳಸುವ ರಕ್ಷಣಾ ಪ್ರೋಟೀನುಗಳಿಗೆ ಇದು ಹತ್ತಿರದ್ದು. ಸೇಬು, ಚೆರಿ, ಕ್ಯಾರೆಟ್‌ಗಳಲ್ಲೂ ಇದರ ಬಂಧುಗಳಿರುವುದರಿಂದ, ಪರಾಗದ ವಿರುದ್ಧ ದೇಹ ತಯಾರಿಸಿದ ಐಜಿಇ ಪ್ರತಿಕಾಯಗಳು ಹಣ್ಣಿನ ಪ್ರೋಟೀನಿಗೂ ಅಂಟಿಕೊಳ್ಳುತ್ತವೆ. ಕಾವಿಗೂ ಜಠರರಸಕ್ಕೂ ಈ ಪ್ರೋಟೀನು ಬೇಗ ಕೆಡುವುದರಿಂದ ತೊಂದರೆ ಬಹುಮಟ್ಟಿಗೆ ಬಾಯಲ್ಲೇ ಉಳಿಯುತ್ತದೆ.

ಈ ಸ್ಥಿತಿಗೆ ಬಳಸುವ ಬಾಯಿ ಅಲರ್ಜಿ ಲಕ್ಷಣಕೂಟ ಎಂಬ ಇನ್ನೊಂದು ಹೆಸರನ್ನು 1987ರಲ್ಲಿ ಆಮ್ಲಟ್ ಮತ್ತು ಸಂಗಡಿಗರು ಬಳಕೆಗೆ ತಂದಾಗ ಪರಾಗವು ಅದರ ಅನಿವಾರ್ಯ ಅಂಗವಾಗಿರಲಿಲ್ಲ. ತೊಂದರೆ ಬಾಯಿಗೆ ಸೀಮಿತವೆಂಬ ತಪ್ಪು ಧೈರ್ಯವನ್ನೂ ಆ ಹೆಸರು ಕೊಡುತ್ತದೆ: ಬರ್ಚ್ ಅಲರ್ಜಿಯ ಕೆಲವರು ಸೋಯಾ ಪೇಯ ಕುಡಿದು ತೀವ್ರ ಪ್ರತಿಕ್ರಿಯೆಗೆ ಒಳಗಾದದ್ದುಂಟು, ಪೀಚ್ ಸಿಪ್ಪೆಯಲ್ಲಿ ಹೆಚ್ಚಾಗಿರುವ ಮತ್ತೊಂದು ಬಗೆಯ ಪ್ರೋಟೀನು ಬೇಯಿಸಿದರೂ ಕೆಡದು. ಉಸಿರಾಟದ ತೊಂದರೆ, ತಲೆಸುತ್ತು ಅಥವಾ ಮೈಯೆಲ್ಲ ದದ್ದು ಕಾಣಿಸಿಕೊಂಡರೆ ತುರ್ತು ಚಿಕಿತ್ಸೆ ಬೇಕಾಗುತ್ತದೆ.